ಬೇವಿನಗಿಡದ ಸ್ಟಾಪಿನ ತಲೆ ಎಣಿಕೆ

ಎಣಿಸುವ ಕೆಲಸದಲ್ಲಿ ನಾನು ತಪ್ಪುವ ಪೈಕಿ ಅಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಯಾಕೆಂದರೆ ಈ ಬರಹ ಮುಗಿಯುವ ಹೊತ್ತಿಗೆ ನಿಮಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದಾಗ ಎರಡು ಜನಗಣತಿ ಮಾಡಿದವನು ನಾನು. ಶಹಾಪುರದ ಓಣಿ ಓಣಿಯಲ್ಲಿ ನಾಯಿಗಳನ್ನು ಓಡಿಸುತ್ತ, ಅಂದರೆ ನಾಯಿಗಳು ನನ್ನನ್ನು ಓಡಿಸುತ್ತ, ಮನೆ ಮನೆಯ ತಲೆ ಎಣಿಸಿದ್ದೇನೆ. ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನೂ ಬಿಟ್ಟಿಲ್ಲ. ಕಣ್ಣಿಗೆ ಬಿದ್ದ ಪ್ರತಿಯೊಂದು ತಲೆಯೂ ಕಾಗದದ ಮೇಲೆ ಬರಬೇಕು ಎಂಬುದು ನನ್ನ ಸಿದ್ಧಾಂತ. ನಾನು ನಿವೃತ್ತನಾಗಿದ್ದೇನೆ, ನನ್ನ ಸಿದ್ಧಾಂತ ಆಗಿಲ್ಲ!

ನಮ್ಮ ಮನೆ ಶಹಾಪುರದ ಅಂಚಿನಲ್ಲಿ, ಸುರಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಮನೆಯ ಮುಂದೆ ಒಂದು ದೊಡ್ಡ ಬೇವಿನಗಿಡ. ಗಿಡದ ಕೆಳಗೆ ಬಸ್ಸು ನಿಲ್ಲುತ್ತಿತ್ತು. ಬಸ್ಸು ನಿಲ್ಲುತ್ತಿದ್ದುದರಿಂದ ಜನ ನಿಲ್ಲುತ್ತಿದ್ದರು. ಜನ ನಿಲ್ಲುತ್ತಿದ್ದುದರಿಂದ ನನ್ನ ಹೆಂಡತಿ ನೀಲಮ್ಮನ ಖಾನಾವಳಿ ನಿಂತಿತ್ತು. ಮನೆಯ ಮುಂದಿನ ಕೋಣೆಯೇ ಖಾನಾವಳಿ. ಎರಡು ಬೆಂಚು, ಎರಡು ಒಲೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವಳ ಪುಂಡಿಪಲ್ಯದ ವಾಸನೆ ಬಂದರೆ ಎಷ್ಟೋ ಡ್ರೈವರುಗಳಿಗೆ ಇದ್ದಕ್ಕಿದ್ದಂತೆ ಇಂಜಿನ್ನು ಬಿಸಿಯಾಗಿದೆ ಎಂದು ನೆನಪಾಗುತ್ತಿತ್ತು.

ಒಂದು ಮುಂಜಾನೆ ಪಕ್ಕದ ಪಂಕ್ಚರ್ ಅಂಗಡಿಯ ಖಾಸಿಂಸಾಬ ಟ್ಯೂಬು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದ.

"ಮಾಸ್ತರ್ರ, ಸುದ್ದಿ ಕೇಳೀರೇನು? ಸ್ಟಾಪ್ ಎತ್ತತಾರಂತ್ರಿ. ಬೈಪಾಸ್ ಕಡಿಗಿ ಒಯ್ಯತಾರಂತ."

ರೊಟ್ಟಿ ಬಡಿಯುತ್ತಿದ್ದ ನೀಲಮ್ಮನ ಕೈ ನಿಂತಿತು. ಹನ್ನೊಂದು ವರ್ಷಗಳಲ್ಲಿ ಆ ಕೈ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಹನ್ನೊಂದು ವರ್ಷ ಹೊಗಿ ಕುಡದು ಕಟ್ಟೀನ್ರಿ ಇದನ್ನ," ಎಂದಳು. "ಬಸ್ ಹೋದ್ರ ನನ್ನ ಒಲಿ ಆರಿದಂಗ."

"ಹೆದರಬ್ಯಾಡ ನೀಲಾ, ನಾ ಅದೀನಿ!" ಎಂದೆ.

"ಅದಕ್ಕ ಹೆದರಿಕಿ ಆಗಾಕತ್ತದ," ಎಂದಳು.

ನಾನು ಹಾಗೆ ಧೈರ್ಯ ಹೇಳಲು ಆಧಾರವಿತ್ತು. ಸ್ವಲ್ಪ ದಿನಗಳ ಹಿಂದೆ ಫೋನಿನಲ್ಲಿ ಒಂದು ಲೇಖನ ಓದಿದ್ದೆ. ಯಾವುದೋ ವಿದೇಶದ ಮಹಾನಗರದಲ್ಲಿ, ದೇಶದಿಂದ ದೇಶಕ್ಕೆ ಹೋಗುವ ರೈಲುಗಳ ನಿಲ್ದಾಣವನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಥಳಾಂತರ ಮಾಡಿದರಂತೆ. ಅದರಿಂದ ಪ್ರಯಾಣಿಕರ ಸಂಖ್ಯೆ ಏನಾಯಿತು ಎಂದು ದೊಡ್ಡ ದೊಡ್ಡ ಪಂಡಿತರು ಕುಳಿತು ಲೆಕ್ಕ ಹಾಕಿದ್ದಾರಂತೆ. ಅರ್ಧ ಓದುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ನನಗೆ ಅರ್ಧವೇ ಸಾಕೆನಿಸಿತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಉಳಿದರ್ಧ ತಾನೇ ಹೊಳೆಯುತ್ತದೆ!

"ನೋಡು ಖಾಸಿಂಸಾಬ," ಎಂದೆ, "ಇಲ್ಲಿ ಎಷ್ಟು ಮಂದಿ ಬರತಾರ ಅಂತ ಎಣಿಸಿ, ಬರದು, ಬಸ್ಸಿನ ಕಚೇರಿಗಿ ಕೊಡೋದು. ಇಷ್ಟು ಮಂದಿಗಿ ತ್ರಾಸ ಆಗತದ ಅಂತ ಗೊತ್ತಾದ್ರ ಯಾವ ಸಾಹೇಬ ಎತ್ತತಾನ?"

"ಅರೆ, ಖರೇನ!" ಎಂದ ಖಾಸಿಂಸಾಬ. ಅವನು ಯಾರು ಏನು ಹೇಳಿದರೂ ಖರೇ ಎನ್ನುತ್ತಾನೆ. ಆದರೆ ಅಂದು ನನಗದು ಹೊಳೆಯಲಿಲ್ಲ.

ಮರುದಿನ ಬೇವಿನಗಿಡದ ಕೆಳಗೆ ಕುರ್ಚಿ, ಮೇಜು ಹಾಕಿಕೊಂಡು ಕುಳಿತೆ. ಜನಗಣತಿಯ ಹಳೆಯ ಕೈಚೀಲವನ್ನು ಹುಡುಕಿ ಹೆಗಲಿಗೆ ಹಾಕಿಕೊಂಡಿದ್ದೆ. ಕಿವಿಯಲ್ಲಿ ಒಂದು ಪೆನ್ನು, ಕೈಯಲ್ಲಿ ಒಂದು ಪೆನ್ನು. ಹತ್ತು ಗಂಟೆಯವರೆಗೆ ಬಸ್ಸು ಹತ್ತಿದವರು ಏಳು ಮಂದಿ. ಅದರಲ್ಲಿ ಒಬ್ಬ ತಪ್ಪು ಬಸ್ಸೆಂದು ಇಳಿದು ಹೋದ.

ಏಳು ತಲೆ ಇಟ್ಟುಕೊಂಡು ಯಾವ ಸಾಹೇಬನನ್ನು ಹೆದರಿಸುವುದು?

ಅಷ್ಟರಲ್ಲಿ ದೇವರು ಕಣ್ಣು ತೆರೆದ. ಹಿಂದಿನ ಓಣಿಯ ಶರಣಮ್ಮನ ಮಗಳು ಬಾಣಂತನ ಮುಗಿಸಿಕೊಂಡು ಕೊಂಕಲ್ಲಿನ ಗಂಡನ ಮನೆಗೆ ಹೊರಟಿದ್ದಳು. ನಮ್ಮ ಕಡೆ ಮಗಳೊಬ್ಬಳು ಹೊರಟರೆ ಅವಳೊಬ್ಬಳೇ ಸ್ಟಾಪಿಗೆ ಬರುವುದುಂಟೇ? ತಾಯಿ, ಚಿಕ್ಕಮ್ಮ, ಇಬ್ಬರು ಸೋದರಮಾವಂದಿರು, ಬುತ್ತಿಯ ಗಂಟು ಹೊತ್ತವರು, ಕೂಸಿನ ಗಾದಿ ಹೊತ್ತವರು, ಏನನ್ನೂ ಹೊರದೆ ಬರೀ ಕಣ್ಣೊರೆಸಿಕೊಳ್ಳಲು ಬಂದವರು. ಓಣಿಗೆ ಓಣಿಯೇ ಬಂತು!

"ಎಷ್ಟು ಮಂದಿ ಹೊಂಟೀರಿ ಶರಣಮ್ಮ?"

"ಹೊಂಟಾಕಿ ಒಬ್ಬಾಕ್ರಿ ಮಾಸ್ತರ್ರ. ನಾವು ಕಳಸಾಕ ಬಂದೀವಿ."

ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಗ ನನ್ನ ಸಿದ್ಧಾಂತ ನೆರವಿಗೆ ಬಂತು. ತಲೆ ಕಂಡಿದೆಯೋ ಇಲ್ಲವೋ? ಕಂಡಿದೆ. ಬರೆದೆ: ಇಪ್ಪತ್ತೆರಡು. ಕೂಸು ಸೇರಿ ಇಪ್ಪತ್ತಮೂರು!

ಬಸ್ಸು ಬಂದು, ಮಗಳನ್ನೂ ಕೂಸನ್ನೂ ಹತ್ತಿಸಿಕೊಂಡು ಹೋಯಿತು. ಖಾಸಿಂಸಾಬ ತಲೆ ಕೆರೆದುಕೊಂಡ. "ಮಾಸ್ತರ್ರ, ಟಿಕೀಟು ಒಂದೇ ಹರದಾರಲ್ರಿ?"

"ಇದು ತಲಿ ಎಣಿಕಿ ಖಾಸಿಂಸಾಬ. ಟಿಕೀಟಿನ ಎಣಿಕಿ ಅಲ್ಲ!"

"ಖರೇನ," ಎಂದ.

ಇಲ್ಲಿಗೇ ನಿಂತಿದ್ದರೆ ಅನಾಹುತ ಸಣ್ಣದಾಗಿರುತ್ತಿತ್ತು. ಆದರೆ ಜನಗಣತಿಯ ಚಟ ಸುಮ್ಮನೆ ಬಿಡಬೇಕಲ್ಲ! ಹೆಸರು ಬರೆದ ಮೇಲೆ ಬಾಯಿ ತಾನಾಗಿಯೇ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿತ್ತು. "ಮನಿ ಸ್ವಂತದ್ದೋ, ಬಾಡಗಿದೋ? ಗೋಡಿ ಕಲ್ಲಿಂದೋ, ಮಣ್ಣಿಂದೋ? ಅಡಗಿ ಗ್ಯಾಸಿನ ಮ್ಯಾಲೋ, ಕಟ್ಟಿಗಿ ಮ್ಯಾಲೋ?" ಶರಣಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಕೊಟ್ಟು, ನನ್ನ ಮುಖವನ್ನೂ ನನ್ನ ಕೈಚೀಲವನ್ನೂ ಒಮ್ಮೆ ದಿಟ್ಟಿಸಿ ನೋಡಿದಳು. ಏನನ್ನೋ ಅರ್ಥ ಮಾಡಿಕೊಂಡವಳಂತೆ ತಲೆಯಾಡಿಸಿ ಲಗುಬಗೆಯಿಂದ ಓಣಿಗೆ ಹೋದಳು.

ಮರುದಿನ ಬಾಗಿಲು ತೆರೆದರೆ ಸ್ಟಾಪಿನ ತುಂಬ ಜನ! ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝೆರಾಕ್ಸು.

"ಮಾಸ್ತರ್ರ, ನನ್ನ ಹೆಸರು ಬರ್ಕೋರಿ."

"ನಮ್ಮ ಗ್ವಾಡಿ ಮಣ್ಣಿಂದ್ರಿ. ಮಣ್ಣಿಂದಂತ ದೊಡ್ಡಕ್ಷರದಾಗ ಬರೀರಿ."

"ಹೊಲಿಗಿ ಮಷೀನು ಯಾವಾಗ ಕೊಡತಾರ್ರಿ?"

ನಾನು ಎದ್ದು ನಿಂತು ಕೂಗಿದೆ: "ಇದು ಯಾವ ಯೋಜನಾನೂ ಅಲ್ಲ! ಏನೂ ಕೊಡೂದಿಲ್ಲ! ಬರೇ ಬಸ್ಸಿಗಿ ಬರೂ ಮಂದಿ ಎಣಸಾಕತ್ತೇನಿ!"

ಮುಂದೆ ನಿಂತಿದ್ದ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು ಕಣ್ಣು ಹೊಡೆದರು. "ತಿಳೀತ್ರಿ ಮಾಸ್ತರ್ರ, ತಿಳೀತು. ಹಂಗೆಲ್ಲಾ ಜೋರಾಗಿ ಹೇಳಬ್ಯಾಡ್ರಿ, ಮಂದಿ ಹೆಚ್ಚಾಗತಾರ."

ಮಂದಿ ಹೆಚ್ಚಾದರು! ಮೂರನೆಯ ದಿನ ಬಳಿಚಕ್ರದಿಂದ ಒಂದು ಟಂಟಂ ಆಟೋ ತುಂಬಿ ಮಂದಿ ಬಂದರು. ನಾರಾಯಣಪುರದಿಂದ ಯಾರದೋ ಬೀಗರು ಫೋನು ಮಾಡಿ, ತಮ್ಮ ಹೆಸರನ್ನು ಫೋನಿನ ಮೇಲೇ ಬರೆದುಕೊಳ್ಳಬೇಕೆಂದು ಹಟ ಹಿಡಿದರು. ಒಬ್ಬಾತ ನನ್ನ ಕಿವಿಯ ಹತ್ತಿರ ಬಾಗಿ, ಕುರಿ ಎರಡು ಕೊಡುತ್ತಾರೋ ನಾಲ್ಕೋ ಎಂದು ಕೇಳಿದ. ಜನ ಮುತ್ತಿದ ಮೊದಲ ದಿನ ನಾನು ಎಲ್ಲರಿಗೂ ತಿಳಿಹೇಳಿದೆ, ಎರಡನೆಯ ದಿನ ಕೆಲವರಿಗೆ ಹೇಳಿದೆ, ಮೂರನೆಯ ದಿನ ಸುಮ್ಮನೆ ಎಣಿಸಿದೆ. ಯಾಕೆ ಸುಳ್ಳು ಹೇಳಲಿ? ನನಗೆ ಆನಂದವಾಗಿತ್ತು! ನೀಲಮ್ಮನ ರೊಟ್ಟಿ ಹನ್ನೊಂದು ಗಂಟೆಗೇ ಖಾಲಿ. ಅವಳ ತಂಗಿ ಸುರಪುರದಿಂದ ಒಂದು ಬುಟ್ಟಿ ಖಡಕ್ ರೊಟ್ಟಿ ಕಳಿಸಿದಳು, ಅದೂ ಖಾಲಿ.

"ಏನ್ರಿ, ಇವ್ರು ಯಾರೂ ಬಸ್ ಹತ್ತವಲ್ರಲ್ಲ?" ಎಂದಳು ನೀಲಮ್ಮ.

"ಅದು ಅಧ್ಯಯನದ ವಿಷಯ. ನಿನಗ ತಿಳಿಯೂದಿಲ್ಲ," ಎಂದೆ. ಈಗ ಈ ವಾಕ್ಯ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ವರದಿ ಸಿದ್ಧವಾಯಿತು. ಶೀರ್ಷಿಕೆ: 'ಬೇವಿನಗಿಡ ನಿಲುಗಡೆಯ ಸ್ಥಳಾಂತರವು ಪ್ರಯಾಣಿಕರ ಸಂಖ್ಯೆಯ ಮೇಲೆ ಬೀರಬಹುದಾದ ಘೋರ ಪರಿಣಾಮಗಳು.' ವಿದೇಶದ ರೈಲು ನಿಲ್ದಾಣದ ಪ್ರಸ್ತಾಪ ಎರಡು ಕಡೆ ಬರುವಂತೆ ನೋಡಿಕೊಂಡೆ. ಕೊನೆಗೆ, 'ಮಾನ್ಯರು ಖುದ್ದಾಗಿ ಬಂದು ಜನಸಾಗರವನ್ನು ಕಣ್ಣಾರೆ ಕಾಣಬೇಕಾಗಿ ವಿನಂತಿ' ಎಂದು ಬರೆದು ಕಳಿಸಿದೆ.

ಮಾನ್ಯರು ಬಂದರು!

ಅವರು ಬಂದ ದಿನ ಜನ ಗಿಡದ ನೆರಳು ಮೀರಿ ನಡುರಸ್ತೆಗೆ ಬಂದಿದ್ದರು. ಬಸ್ಸು ನಿಲ್ಲಲು ಜಾಗವಿಲ್ಲದೆ ಮುಂದೆಲ್ಲೋ ಹೋಗಿ ನಿಂತಿತು. ಅದರಿಂದ, ನಿಜವಾಗಿಯೂ ಊರಿಗೆ ಹೋಗಬೇಕಾಗಿದ್ದ ನಾಲ್ಕು ಮಂದಿ ಗಂಟು ಹೊತ್ತುಕೊಂಡು ಅದರ ಹಿಂದೆ ಓಡಿದರು. ಸಾಹೇಬರ ಜೀಪು ಆ ಗದ್ದಲದಲ್ಲಿ ಸಿಕ್ಕಿಬಿತ್ತು. ಅವರು ಇಳಿದು ನನ್ನ ಮೇಜಿನ ಕಡೆ ನಡೆದು ಬಂದರಂತೆ. ಶರಣಮ್ಮ ಅವರ ತೋಳು ಹಿಡಿದು ನಿಲ್ಲಿಸಿದಳಂತೆ.

"ಯಪ್ಪಾ, ನಾವೇನು ಮುಂಜಾನಿಂದ ಹುಚ್ಚರಂಗ ನಿಂತೀವೇನು? ಸಾಲಿನ್ಯಾಗ ಹಿಂದ ನಿಂದರು!"

ಸಾಹೇಬರು ದಕ್ಷಿಣದ ಕಡೆಯವರು, ಮೆತ್ತಗಿನ ಮನುಷ್ಯ. ಹೆದರಿ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ನಾನು ತಲೆ ಎತ್ತಲಿಲ್ಲ.

"ಹೆಸರು ಆಮ್ಯಾಲ ಹೇಳ್ರಿ. ಮನಿ ಸ್ವಂತದ್ದೋ, ಬಾಡಗಿದೋ?"

"ಸರ್ಕಾರಿ ಕ್ವಾರ್ಟರ್ಸು."

"ಗೋಡಿ?"

"ಮೇಷ್ಟ್ರೇ, ನಿಮ್ಮ ವರದಿ ನೋಡಿ ಬಂದಿರೋ ಅಧಿಕಾರಿ ನಾನು."

ತಲೆ ಎತ್ತಿದೆ. ಆದರೆ ಅಷ್ಟರಲ್ಲಿ ಅವರನ್ನು ಆರುನೂರಾ ಹತ್ತೊಂಬತ್ತನೆಯ ಪ್ರಯಾಣಿಕನಾಗಿ ಬರೆದಾಗಿತ್ತು!

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕೈ ಕುಲುಕಿದರು. "ನಿಜ ಹೇಳ್ತೀನಿ ಮೇಷ್ಟ್ರೇ. ಈ ಸ್ಟಾಪ್‌ನಲ್ಲಿ ದಿನಕ್ಕೆ ಇಪ್ಪತ್ತು ಜನ ಹತ್ತಲ್ಲ, ಇಷ್ಟಕ್ಕೆ ಯಾಕೆ ಬದಲಾಯಿಸೋದು, ಇದ್ದಲ್ಲೇ ಇರಲಿ ಅಂತ ಬರೆಯೋಣ ಅಂತಿದ್ದೆ. ಪೆನ್ನೂ ತೆಗೆದಿದ್ದೆ. ಅಷ್ಟರಲ್ಲಿ ನಿಮ್ಮ ವರದಿ ಬಂತು."

ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೈಚೀಲದೊಳಗೆ ಇಳಿಸಿದೆ.

"ಇಷ್ಟು ಸಣ್ಣ ರಸ್ತೆ, ಇಷ್ಟೊಂದು ಜನ! ಯಾರಿಗಾದರೂ ಏನಾದರೂ ಆಗೋಕೆ ಮುಂಚೆ ವಿಶಾಲವಾದ ಜಾಗಕ್ಕೆ ಒಯ್ಯಲೇಬೇಕು. ಇದೇ ವಾರ! ಎಲ್ಲಾ ನಿಮ್ಮ ಪುಣ್ಯ." ಎಂದವರೇ ಜನರ ನಡುವೆ ನನ್ನನ್ನು ನಿಲ್ಲಿಸಿ ಸಾಕ್ಷಿಗೆಂದು ಒಂದು ಫೋಟೋ ಬೇರೆ ತೆಗೆದುಕೊಂಡರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಫೋಟೋ ಎಂದರೆ ನಗಬೇಕೆಂಬ ಇನ್ನೊಂದು ಚಟ ನನಗಿದೆ.

ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಆ ಮಧ್ಯಾಹ್ನ ನನ್ನ ತಟ್ಟೆಗೆ ರೊಟ್ಟಿ ಬಂತು, ಮಾತು ಬರಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

ವರ್ಷಗಟ್ಟಲೆ ಅಲುಗದಿದ್ದ ಫೈಲು ಐದೇ ದಿನದಲ್ಲಿ ಓಡಿತು. ಬಸ್ಸುಗಳು ಬೇವಿನಗಿಡವನ್ನು ಗುರುತೇ ಇಲ್ಲದವರಂತೆ ದಾಟಿ ಹೋಗತೊಡಗಿದವು. ಹೊಲಿಗೆ ಮಷೀನು ಬರಲಿಲ್ಲವೆಂದು ಶರಣಮ್ಮನೂ ಮುಖ ತಿರುಗಿಸಿದಳು. ಎರಡು ಬೆಂಚೂ ಖಾಲಿ. ನೀಲಮ್ಮ ಒಂದು ಒಲೆ ಆರಿಸಿದಳು. ಮೂರನೆಯ ದಿನ ಇನ್ನೊಂದನ್ನೂ ಆರಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು.

"ಕುಂತು ಏನು ಎಣಸಾಕತ್ತೀರಿ? ಏಳ್ರಿ. ಬೆಂಚ್ ಹೊರ್ರಿ!"

"ಎಲ್ಲಿಗಿ?"

"ಬಸ್ ಎಲ್ಲಿ ಹೋಗ್ಯಾವ ಅಲ್ಲಿಗಿ. ಅವು ಹೋದ್ವು ಅಂತ ನಾ ಒಲಿ ಆರಿಸಿ ಕೂಡ್ಲೇನು?"

ಬೆಂಚಿನ ಒಂದು ತುದಿ ನಾನು, ಇನ್ನೊಂದು ತುದಿ ಖಾಸಿಂಸಾಬ. ಎರಡು ಕಿಲೋಮೀಟರು! ದಾರಿಯುದ್ದಕ್ಕೂ ಜನ ಯೋಜನೆಯ ಬಗ್ಗೆ ವಿಚಾರಿಸಿದರು. ಬೈಪಾಸಿನ ಹೊಸ ಸ್ಟಾಪಿನ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು ಸಿಕ್ಕಿತು. ಅಲ್ಲಿ ಒಲೆ ಹೊತ್ತಿಸಿ ವಾರವಾಗಿಲ್ಲ, ಲಾರಿಗಳ ಇಂಜಿನ್ನುಗಳೂ ಬಿಸಿಯಾಗತೊಡಗಿದವು. ಈಗ ಅವಳೊಬ್ಬಳ ಕೈಯ ರೊಟ್ಟಿ ಸಾಲದು. ಸುರಪುರದ ತಂಗಿಯಿಂದ ದಿನಾ ಒಂದು ಬುಟ್ಟಿ ಖಡಕ್ ರೊಟ್ಟಿ ತರಿಸಬೇಕು.

ಮೊನ್ನೆ ಸಾಹೇಬರಿಂದ ಪತ್ರ ಬಂತು. ಸ್ಥಳಾಂತರದ ನಂತರ ಪ್ರಯಾಣಿಕರ ಸಂಖ್ಯೆ ಏನಾಗಿದೆ ಎಂದು ನನ್ನಂಥ ಅನುಭವಿಗಳೇ ತಿಳಿಸಬೇಕಂತೆ. ಫೋನಿಗೆ ತುಂಬ ಚಾರ್ಜು ಮಾಡಿಕೊಂಡು ಆ ಲೇಖನದ ಉಳಿದರ್ಧ ಓದಿದೆ. ನಿಲ್ದಾಣ ಸರಿದರೆ ಕೆಲವರಿಗೆ ಹತ್ತಿರ, ಕೆಲವರಿಗೆ ದೂರ. ಆದ್ದರಿಂದ ನೆರೆದ ತಲೆಗಳನ್ನಲ್ಲ, ಹತ್ತಿದ ಪ್ರಯಾಣಿಕರನ್ನು ಎಣಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು!

ಈ ಸಲ ಹಾಗೆಯೇ ಎಣಿಸಿದೆ. ಹಳೆಯ ಸ್ಟಾಪಿನಲ್ಲಿ ನಿಜವಾಗಿ ಹತ್ತುತ್ತಿದ್ದವರು ದಿನಕ್ಕೆ ಹತ್ತೊಂಬತ್ತು ಮಂದಿ ಎಂದು ಕಂಡಕ್ಟರೊಬ್ಬರು ಹೇಳಿದರು. ಹೊಸ ಸ್ಟಾಪಿನಲ್ಲಿ ಇಪ್ಪತ್ತು. ಸ್ಥಳಾಂತರದಿಂದ ಪ್ರಯಾಣಿಕರ ಸಂಖ್ಯೆಯಲ್ಲಿ ಏರಿಕೆಯಾಗಿದೆ: ಒಬ್ಬ.

ಆ ಒಬ್ಬ ನಾನೇ. ದಿನಾ ಮುಂಜಾನೆ ಖಾಲಿ ಬುಟ್ಟಿ ಹಿಡಿದು ಸುರಪುರದ ಬಸ್ಸು ಹತ್ತುತ್ತೇನೆ. ಕಳಿಸಲು ಒಂದು ತಲೆಯೂ ಬರುವುದಿಲ್ಲ. ಮರಳಿ ಬರುವಾಗ ಬುಟ್ಟಿಯಲ್ಲಿ ರೊಟ್ಟಿಯ ಮೇಲೆ ನಾದಿನಿ ಬರೆದಿಟ್ಟ ಚೀಟಿಯೊಂದು ಇರುತ್ತದೆ. ದಿನವೂ ಅದೇ ಚೀಟಿ: "ಅಕ್ಕಾ, ನೂರು ರೊಟ್ಟಿ ಅವ. ಭಾವಾರು ಎಣಿಸಿಲ್ಲ, ನಾನೇ ಎಣಿಸೀನಿ."