ಏಳನೇ ಕ್ಲಾಸಿನ ವಾಚುಗಳೂ ನನ್ನ ಶಿಸ್ತೂ

ಶಿಸ್ತಿನ ವಿಷಯದಲ್ಲಿ ನಾನು ಸುಲಭಕ್ಕೆ ಸೋಲುವವನಲ್ಲ. ಆಂಟಾಪ್ ಹಿಲ್‌ನ ಕನ್ನಡ ಶಾಲೆಯಲ್ಲಿ ಹದಿನೆಂಟು ವರ್ಷ ವ್ಯಾಕರಣ ಕಲಿಸಿದವನು. ಪಕ್ಕದ ಚಾಳಿನ ನಲ್ಲಿಯ ಜಗಳವನ್ನೂ ಮೀರಿ ಸಂಧಿ ಸಮಾಸ ಕೇಳಿಸುವಷ್ಟು ಗಂಟಲು ದೇವರು ಕೊಟ್ಟಿದ್ದ. "ಉಪ್ಪು ಕಡಿಮೆ ಅನ್ನೋದನ್ನೂ ಭಾಷಣದ ಹಾಗೆ ಹೇಳ್ತೀರಿ" ಎಂದು ಹೆಂಡತಿ ದೂರುತ್ತಿದ್ದಳು. ಅಂಥ ನನ್ನನ್ನು ಅಲುಗಾಡಿಸಿದ್ದು ಒಂದು ಸಣ್ಣ ಬೀಪ್.

ಎಂಬತ್ತರ ದಶಕದ ನಡುವೆ ಮಕ್ಕಳ ಕೈಗೆ ಕರಿ ಪ್ಲಾಸ್ಟಿಕ್ಕಿನ ಡಿಜಿಟಲ್ ವಾಚು ಬಂತು. ಗಂಟೆಗೊಮ್ಮೆ ತಾನಾಗಿ ಕೂಗುತ್ತಿತ್ತು. ಎಲ್ಲವೂ ಒಟ್ಟಿಗೆ ಕೂಗಿದ್ದರೆ ಸಹಿಸಬಹುದಿತ್ತು. ಏಳನೇ ಕ್ಲಾಸಿನ ಒಂಬತ್ತು ವಾಚುಗಳಲ್ಲಿ ಒಂದಕ್ಕೊಂದು ತಾಳೆಯಿರಲಿಲ್ಲ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೊದಲನೆಯದು, ಹನ್ನೊಂದು ದಾಟಿ ಐದು ನಿಮಿಷಕ್ಕೆ ಕೊನೆಯದು. ಮುಂದಿನ ಸರದಿ ಯಾರದೆಂದು ಮಕ್ಕಳು ಕಾಯುವ ಆ ಏಳು ನಿಮಿಷದಲ್ಲಿ ಲೋಪಸಂಧಿ ನಿಜವಾಗಿಯೂ ಲೋಪವಾಗುತ್ತಿತ್ತು.

ನಾನೊಂದು ಕಾನೂನು ಮಾಡಿದೆ. ಕೂಗಿದ ವಾಚು ಸಂಜೆಯವರೆಗೆ ಚಾಕ್‌ಪೀಸಿನ ಡಬ್ಬಿಗೆ. ಡಬ್ಬಿ ಹಿಡಿಯುವ ಕೆಲಸ ಮಾನಿಟರ್ ಸುಜಾತಾಳದು. ಧಾರವಾಡದ ಕಡೆಯವರ ಮಗಳು, ಕೆಲಸದಲ್ಲಿ ದಾಕ್ಷಿಣ್ಯವಿಲ್ಲ. ಡಬ್ಬಿಯೊಳಗೂ ಅವು ಕೂಗಿದವು. ಮೇಲೆ ನಿಘಂಟು ಹೇರಿದೆ.

ಒಂದು ದಿನ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಮುಖ್ಯೋಪಾಧ್ಯಾಯನಾಗುವುದು ಬಿಡುವುದು ಅವರ ವರದಿಯ ಮೇಲೆ ನಿಂತಿತ್ತು. ಅಂದು ಮಕ್ಕಳ ವಾಚುಗಳನ್ನೆಲ್ಲ ಬೆಳಿಗ್ಗೆಯೇ ಆಫೀಸಿನ ಕಪಾಟಿಗೆ ಸೇರಿಸಿದ್ದೆ, ಪಾಠ ಸೊಗಸಾಗಿ ಸಾಗಿತ್ತು. ಹನ್ನೊಂದಕ್ಕೆ ಸರಿಯಾಗಿ ಬೀಪ್ ಎಂದಿತು. ಸಾಹೇಬರ ಕೈಯಿಂದ.

ನಾನು ಕೇಳಿಸದವನಂತೆ ಬೋರ್ಡಿನತ್ತ ತಿರುಗಿದೆ. ಸುಜಾತಾ ಡಬ್ಬಿ ಹಿಡಿದು ನೇರ ಅವರ ಮುಂದೆ ನಿಂತಳು. "ಇದರಾಗ ಹಾಕ್ರಿ ಸರ್. ಸಂಜಿಗೆ ವಾಪಸ್ ಕೊಡ್ತೇವಿ. ರೂಲ್ ಅದ."

ಸಾಹೇಬರು ನನ್ನನ್ನೊಮ್ಮೆ ನೋಡಿ ವಾಚು ಬಿಚ್ಚಿದರು. "ಅಳಿಯ ದುಬೈಯಿಂದ ತಂದ್ಕೊಟ್ಟ. ಮೀಟಿಂಗಿನಲ್ಲೂ ಹೀಗೇ ಮಾನ ಕಳೆಯುತ್ತೆ. ಇದರ ಬಾಯಿ ಮುಚ್ಚಿಸೋದು ನಿಮಗೆ ಗೊತ್ತೇನ್ರಿ ಮೇಷ್ಟ್ರೇ?"

"ಅದಕ್ಕೇನು ಸರ್" ಎಂದು ಒಂದು ಗುಂಡಿ ಒತ್ತಿದೆ. ದೀಪ ಹತ್ತಿತು. ಇನ್ನೊಂದು ಒತ್ತಿದೆ. ಹನ್ನೊಂದು ಗಂಟೆ ಹೋಗಿ ಸೊನ್ನೆ ಬಂತು. ಸುಜಾತಾ ನನ್ನ ಕೈಯಿಂದ ವಾಚು ತೆಗೆದುಕೊಂಡು, ಎರಡು ಗುಂಡಿ ಒಟ್ಟಿಗೆ ಒತ್ತಿ, ಸಾಹೇಬರಿಗೆ ಕೊಟ್ಟಳು. "ಇನ್ನ ಒದರೂದಿಲ್ರಿ."

ಅವರು ಹೋದ ಮೇಲೆ ಕೇಳಿದೆ, "ಇದು ನಿನಗೆ ಮೊದಲೇ ಗೊತ್ತಿತ್ತೇನೇ?"

"ಎಲ್ಲಾರಿಗೂ ಗೊತ್ತದ್ರಿ."

"ಮತ್ತೆ ಇಷ್ಟು ದಿನ ಯಾಕೆ ನಿಲ್ಲಿಸಲಿಲ್ಲ?"

"ಬಂದ್ ಮಾಡ್ರಿ ಅಂತ ನೀವು ಹೇಳಲೇ ಇಲ್ಲಲ್ರಿ ಸರ್. ಡಬ್ಬಿಗೆ ಹಾಕ್ರಿ ಅಂದ್ರಿ."

ಬಡ್ತಿ ಬಂತು. ಮುಖ್ಯೋಪಾಧ್ಯಾಯನಾಗಿ ಹೊರಡಿಸಿದ ಮೊದಲ ಸುತ್ತೋಲೆಯನ್ನು ಸುಜಾತಾಳಿಗೆ ಒಮ್ಮೆ ತೋರಿಸಿಯೇ ಸಹಿ ಹಾಕಿದೆ. ಅವಳು ಎರಡು ಕಡೆ ತಿದ್ದಿದಳು.