ಮೇಷ್ಟ್ರು ಅಧಿಕಾರ ಬಿಟ್ಟ ದಿನ

2024ರ ಮಾರ್ಚ್ 16, ಶನಿವಾರ, ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಮೇಷ್ಟ್ರು ಒಂದು ಗುಂಡಿ ಒತ್ತಿ ತಮ್ಮ ಅಧಿಕಾರವನ್ನೆಲ್ಲ ತಾವೇ ಬಿಟ್ಟುಕೊಟ್ಟರು. ಹಲ್ಲುಜ್ಜಿದ ಮೇಲಾದರೂ ಒತ್ತಬಹುದಿತ್ತು ಎಂದು ಆಮೇಲೆ ಅನ್ನಿಸಿತು.

ಕಾರಣ ಸಣ್ಣದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅವರು ನಾಲ್ಕು ವರ್ಷದಿಂದ ಒಂದು ಜಾಲತಾಣವನ್ನೂ ನಡೆಸುತ್ತಿದ್ದರು. ಅಲ್ಲಿ ಜನಸಾಮಾನ್ಯರಿಗೆ ಬ್ಲಾಕ್‌ಚೈನ್ ಪಾಠ: ಲೆಕ್ಕವನ್ನು ಒಬ್ಬರ ಕೈಯಲ್ಲಿಡದೆ, ಎಲ್ಲರ ಬಳಿಯೂ ಒಂದೊಂದು ಪ್ರತಿಯಿಟ್ಟು, ಯಾರೂ ಗುಟ್ಟಾಗಿ ತಿದ್ದದಂತೆ ಕಾಯುವ ವಿದ್ಯೆ. ಅಲ್ಲಿನ ವಿದ್ಯಾರ್ಥಿಗಳಲ್ಲೊಬ್ಬರಾದ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಮೊನ್ನೆ ಮೆಟ್ಟಿಲ ಮೇಲೆ ಅಡ್ಡಗಟ್ಟಿ ಕೇಳಿದ್ದರು: "ಯಾವುದೂ ಒಬ್ಬರ ಕೈಲಿರಬಾರದು ಅಂತೀರಲ್ಲ ಮೇಷ್ಟ್ರೇ, ಈ ಪಾಠಶಾಲೆ ಯಾರ ಕೈಲಿದೆ?"

ಮೇಷ್ಟ್ರ ಮುಖ ಸಣ್ಣದಾಯಿತು. ಆದರೆ ಒಳಗೊಳಗೇ ಖುಷಿಯೂ ಆಯಿತು. ಹೆಂಡತಿಯ ಜೊತೆ ನಾಲ್ಕು ದಿನ ಕಡಲತೀರಕ್ಕೆ ಹೋಗಲು ಟಿಕೆಟ್ ತೆಗೆದಾಗಿತ್ತು. ಆಕೆಯ ಷರತ್ತು ಒಂದೇ: "ಅಲ್ಲಿ ನಿಮ್ಮ ಕೈಲಿ ಫೋನ್ ಕಂಡ್ರೆ ಸಮುದ್ರಕ್ಕೆ ಎಸೀತೀನಿ. ಫೋನನ್ನೋ ನಿಮ್ಮನ್ನೋ, ಆಗ ನೋಡ್ಕೊಳ್ಳೋಣ." ಪಾಠಶಾಲೆಯನ್ನು ಅದರ ನಾನೂರ ಹನ್ನೆರಡು ಸದಸ್ಯರಿಗೇ ಒಪ್ಪಿಸಿಬಿಟ್ಟರೆ ಸಿದ್ಧಾಂತವೂ ಉಳಿಯಿತು, ಸಂಸಾರವೂ ಉಳಿಯಿತು.

ತಂತ್ರಾಂಶ ಬರೆದುಕೊಟ್ಟವನು ಹೆಂಡತಿಯ ತಮ್ಮ. "ಇನ್ಮೇಲೆ ತಲೆಗೊಂದು ಮತ, ಭಾವ. ಬಹುಮತ ಬಂದಿದ್ದೇ ನಿಯಮ. ನೀವೂ ಮುರಿಯೋಕಾಗಲ್ಲ."

ಮೊದಲ ಠರಾವು ಸರಳವಾಗಿತ್ತು: ಮೇಷ್ಟ್ರು ಊರಲ್ಲಿಲ್ಲದ ನಾಲ್ಕು ದಿನ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಭಾವಮೈದುನ ಉತ್ತರಿಸತಕ್ಕದ್ದು. ಸೋಮವಾರ ಅವರಿಗೆ ಪರೀಕ್ಷೆ, ಈ ಠರಾವು ಪಾಸಾಗದೆ ಮೇಷ್ಟ್ರು ಹೊರಡುವಂತಿರಲಿಲ್ಲ. ರೈಲು ಸಂಜೆ ಐದಕ್ಕೆ. ಐದು ನಿಮಿಷದ ಕೆಲಸವೆಂದುಕೊಂಡು ಮೇಷ್ಟ್ರು ಫೋನಿನಲ್ಲಿ ಸಭೆ ಕರೆದು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋದರು.

ಬಾಯಿತುಂಬ ನೊರೆ ಇಟ್ಟುಕೊಂಡು ಓಡಿ ಬರಬೇಕಾಯಿತು. ಪೋಸ್ಟ್‌ಮಾಸ್ಟರ ದನಿ ಮನೆಯೆಲ್ಲ ತುಂಬಿತ್ತು. "ಕ್ರಿಯಾಲೋಪ! ಸಭೆ ಹೇಗೆ ನಡೀಬೇಕು ಅನ್ನೋದಕ್ಕೇ ಇನ್ನೂ ಠರಾವಿಲ್ಲ. ಅದು ಮೊದಲು!"

ಸರಿ, ಅದನ್ನು ಮತಕ್ಕೆ ಹಾಕಿದರು. ಮತ ಹಾಕಲು ಎಷ್ಟು ಹೊತ್ತು ಕೊಡಬೇಕೆಂಬುದಕ್ಕೆ ಇನ್ನೊಂದು ಮತ. ಆ ಮತಕ್ಕೆ ಎಷ್ಟು ಹೊತ್ತು ಎಂದು ಯಾರೋ ಕೇಳಿದಾಗ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು.

ಹತ್ತು ಗಂಟೆಗೆ ಜಾಲತಾಣದ ಪುಟದ ಬಣ್ಣದ ಮಾತು ಬಂತು. "ಆ ನೀಲಿ ನೋಡಿದ್ರೆ ನಂಗೆ ಬಾಯಿಹುಣ್ಣಿಗೆ ಹಚ್ಚೋ ಔಷಧಿ ನೆನಪಾಗತ್ತೆ," ಎಂದರು ಔಷಧಿ ಅಂಗಡಿಯಾಕೆ.

"ಬಣ್ಣದ ವಿಷಯ ನಮಗೆ ಬಿಡಿ ಅಕ್ಕಾ," ಎಂದರು ಟೈಲರ್. "ದಿನಾ ಬಟ್ಟೆ ನೋಡೋರು ನಾವು."

"ನೋಡಿದೀನಿ ನಿಮ್ಮ ಹೊಲಿಗೇನ. ನಮ್ಮನೆಯವರ ಕೈ ಆ ಅಂಗಿ ತೋಳಲ್ಲಿ ಇನ್ನೂ ಸಿಕ್ಕೊಂಡಿದೆ!"

ಸದರಿ ತೋಳನ್ನು ಪುಕ್ಕಟೆ ಬಿಚ್ಚಿ ಹೊಲಿದುಕೊಡತಕ್ಕದ್ದೆಂದು ಭಾರಿ ಬಹುಮತದಿಂದ ತೀರ್ಮಾನವಾಯಿತು. ಮಧ್ಯಾಹ್ನದವರೆಗೆ ಪಾಸಾದ ಠರಾವು ಅದೊಂದೇ. ಮೇಷ್ಟ್ರ ಠರಾವು, ಚೀಲವಿಟ್ಟು ಚಹಾಕ್ಕೆ ಹೋದವನ ಹಾಗೆ, ಸಾಲಿನ ಕೊನೆಗೆ ಬಿದ್ದಿತ್ತು. ಬಾಯಿ ತೆರೆದರೆ ಪೋಸ್ಟ್‌ಮಾಸ್ಟರು ಮುಚ್ಚಿಸುತ್ತಿದ್ದರು: "ನಿಮ್ಮದೇ ರಜೆ ವಿಷಯ ಮೇಷ್ಟ್ರೇ, ನೀವು ಮಾತಾಡೋ ಹಾಗಿಲ್ಲ!"

ನಾಲ್ಕು ಗಂಟೆಗೆ ಬಾಗಿಲಲ್ಲಿ ಟ್ಯಾಕ್ಸಿ ಹಾರನ್ ಬಾರಿಸಿತು. ಹೆಂಡತಿ ಬ್ಯಾಗು ಕೆಳಗಿಟ್ಟು, ಗಂಡನ ಮುಖ ನೋಡಿ, ಫೋನು ಕಿತ್ತುಕೊಂಡಳು.

"ಪೋಸ್ಟ್‌ಮಾಸ್ಟರ್ರೇ, ನಿಮ್ಮ ಒಲೆ ಮೇಲೆ ಹಾಲು ಸೀದ ವಾಸನೆ ಇಲ್ಲೀವರೆಗೂ ಬರ್ತಿದೆ, ಮೊದ್ಲು ಹೋಗಿ ಆರಿಸಿ. ಬಣ್ಣ ನೀಲೀನೇ ಇರಲಿ, ಆರು ತಿಂಗಳಾದ್ಮೇಲೆ ನೋಡೋಣ. ಮತಕ್ಕೆ ಹತ್ತು ನಿಮಿಷ ಸಾಕು. ನಾಲ್ಕು ದಿನ ನನ್ನ ತಮ್ಮ ಉತ್ತರ ಕೊಡ್ತಾನೆ. ಬೇಡ ಅನ್ನೋರು ಈಗ್ಲೇ ಹೇಳಿ."

ಹತ್ತು ನಿಮಿಷದಲ್ಲಿ ಎಲ್ಲವೂ ಪಾಸಾಯಿತು.

"ಭಾವ, ದಿನಾ ಹೀಗಾದ್ರೆ ಯಾರಿಗಿರತ್ತೆ ಪುರುಸೊತ್ತು?" ಎಂದ ಭಾವಮೈದುನ, ಟ್ಯಾಕ್ಸಿಗೆ ಬ್ಯಾಗು ತುಂಬುತ್ತ. "ಇನ್ನೊಂದು ಸೌಲಭ್ಯ ಇದೆ. ಬಿಡುವಿಲ್ಲದೋರು ತಮ್ಮ ಮತಾನ ನಂಬಿಕೆ ಇರೋ ಸದಸ್ಯರಿಗೆ ವಹಿಸಿಕೊಡಬಹುದು. ಶುರು ಮಾಡ್ಲಾ?"

"ಮಾಡಪ್ಪಾ, ಮಾಡು!"

ರೈಲಿನಲ್ಲಿ ಮೇಷ್ಟ್ರು ಫೋನು ಆರಿಸಿ ಹೆಂಡತಿಯ ಬ್ಯಾಗಿಗೆ ಹಾಕಿ, ಕಿಟಕಿಗೆ ಆತು ಕುಳಿತರು. ಅಧಿಕಾರವಿಲ್ಲದವನ ಕಣ್ಣಿಗೆ ಎಮ್ಮೆಯೂ ಎಷ್ಟು ಚೆಂದ! ಅದನ್ನು ತೋರಿಸಲು ತಿರುಗಿದರೆ ಹೆಂಡತಿ ಕನ್ನಡಕ ಹಾಕಿಕೊಂಡು ತನ್ನ ಫೋನಿನಲ್ಲಿ ಮುಳುಗಿದ್ದಾಳೆ.

"ನೋಡೇ ಇಲ್ಲಿ..."

"ಸ್ವಲ್ಪ ಸುಮ್ನಿರಿ. ಪೋಸ್ಟ್‌ಮಾಸ್ಟರೂ ಕೊಟ್ರು."

"ಏನನ್ನ?"

"ಮತಾನ. ಎಲ್ರೂ ನಂಗೇ ವಹಿಸ್ತಿದಾರೆ ಕಣ್ರೀ! ಶುರುವಲ್ಲಿ ಲೆಕ್ಕಕ್ಕಿರಲಿ ಅಂತ ನೀವೇ ನನ್ನ ಸದಸ್ಯೆ ಮಾಡಿದ್ರಲ್ಲ. ಟೈಲರ್ ಒಬ್ರು ಕೊಟ್ಟಿಲ್ಲ, ತೋಳಿನ ಸಿಟ್ಟು." ಆಕೆ ಕನ್ನಡಕ ಸರಿಮಾಡಿಕೊಂಡಳು. "ಅಂದ ಹಾಗೆ, ನಿಮ್ಮ ಮೂರನೇ ಪಾಠ ಯಾರಿಗೂ ಅರ್ಥ ಆಗಲ್ವಂತೆ. ನಿಜಾನೇ, ನಂಗೂ ನಿದ್ದೆ ಬಂದಿತ್ತು. ನಾಳೆ ಸಂಜೆಯೊಳಗೆ ಹೊಸದಾಗಿ ಬರೀಬೇಕು ಅಂತ ಠರಾವು ತಂದಿದೀನಿ. ಹಿಡೀರಿ."

ಬ್ಯಾಗಿನಿಂದ ಹೊರಬಂದ ಫೋನು ಮತ್ತೆ ಮೇಷ್ಟ್ರ ಅಂಗೈಗೆ ಬಂತು.

"ನಾನು ವಿರೋಧಿಸ್ತೀನಿ!" ಮೇಷ್ಟ್ರು ಕೂಗಿದ ರಭಸಕ್ಕೆ ಬೋಗಿಯೆಲ್ಲ ತಿರುಗಿ ನೋಡಿತು.

"ಧಾರಾಳವಾಗಿ ವಿರೋಧಿಸಿ. ಅದಕ್ಕೇ ಅಲ್ವೇನ್ರೀ ಇಷ್ಟೆಲ್ಲ ಮಾಡಿದ್ದು?"

ಮೇಷ್ಟ್ರು ರೋಷದಿಂದ ಗುಂಡಿ ಒತ್ತಿದರು. ಟೈಲರೂ ಅವರ ಪರ ನಿಂತರು. ಹತ್ತು ನಿಮಿಷ ಕಳೆದು ಫಲಿತಾಂಶ ಬಂತು. ವಿರೋಧ: ಶೇಕಡಾ 0.49.