ಅಕ್ಕನ ಸೈಕಲ್ಲಿಗೆ ಮಂಜು ಆಗುವುದಿಲ್ಲ

ದುಬೈಗೆ ಚಳಿಗಾಲ ಬರುವುದು ನಮ್ಮಕ್ಕನ ಅಪ್ಪಣೆ ಸಿಕ್ಕಿದ ಮೇಲೆಯೇ! ನಗಬೇಡಿ. ಹವಾಮಾನದವರು ಏನೇ ಹೇಳಲಿ, ಕ್ಯಾಲೆಂಡರಿನಲ್ಲಿ ಯಾವ ತಿಂಗಳೇ ಇರಲಿ, ಅಲ್ ಬರ್ಷಾ ಬಡಾವಣೆಯ ಏಳನೇ ಮಹಡಿಯ ಬಾಲ್ಕನಿಯಲ್ಲಿ ಅಕ್ಕ ಒಂದು ಮುಂಜಾನೆ ನಿಂತು, ನೈಟಿಯ ತೋಳು ಮೇಲಕ್ಕೆ ಸರಿಸಿ, ಬರಿಗೈಯನ್ನು ಹೊರಗೆ ಚಾಚುತ್ತಾಳೆ. ಮಗುವಿನ ಹಾಲು ಹದವಾಗಿದೆಯೋ ಅಂತ ನೋಡುವವರ ಹಾಗೆ ಸ್ವಲ್ಪ ಹೊತ್ತು ಗಾಳಿಯನ್ನು ಮುಟ್ಟಿ ನೋಡುತ್ತಾಳೆ. ಆಮೇಲೆ ಒಳಗೆ ಬಂದು "ಬಂತು" ಅನ್ನುತ್ತಾಳೆ. ಬಂತು ಅಂದರೆ ಬಂತು. ಆವತ್ತಿನಿಂದ ಆ ಮನೆಯಲ್ಲಿ ಮನುಷ್ಯರ ಕಾಲ ಮುಗಿದು ಸೈಕಲ್ಲಿನ ಕಾಲ ಶುರು.

ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಇನ್ನೂ ಮಗ್ಗಿ ಬಾಯಿಪಾಠ ಮಾಡುತ್ತಿದ್ದಾಗಲೇ ಮದುವೆಯಾಗಿ ಭಾವನ ಜತೆ ವಿಮಾನ ಹತ್ತಿದವಳು. ನನ್ನ ಬಾಲ್ಯದ ಅಕ್ಕ ಅಂದರೆ ವರ್ಷಕ್ಕೊಮ್ಮೆ ಬರುವ ಸೂಟ್‌ಕೇಸು, ಅದರೊಳಗಿನ ಸೆಂಟಿನ ಪರಿಮಳ, ಹಾಲಿನ ಪುಡಿಯ ಡಬ್ಬಿ, ಉಳಿದ ದಿನಗಳಲ್ಲಿ ಫೋನಿನಲ್ಲಿ "ಓದ್ತಿದ್ದೀಯಾ?" ಅನ್ನುವ ಒಂದು ಸ್ವರ. ಈಗ ಜೆಬೆಲ್ ಅಲಿಯಲ್ಲಿ ಒಂದು ಸರಕು ಸಾಗಿಸುವ ಕಂಪೆನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಭಾವ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬಹಳ ಕಾಲ ಎಲೆಕ್ಟ್ರಾನಿಕ್ಸ್ ಅಂಗಡಿ ನಡೆಸಿ, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಈಗ ಮನೆಯಲ್ಲಿದ್ದಾರೆ. ಅಡುಗೆ ಅವರದ್ದು. ವೀಸಾ ಅಕ್ಕನ ಲೆಕ್ಕದಲ್ಲಿ. "ನಾನು ಇವಳ ಡಿಪೆಂಡೆಂಟ್. ಅದೂ ಎರಡನೆಯವ. ಒಂದನೆಯದಕ್ಕೆ ಎರಡು ಚಕ್ರ ಉಂಟು" ಅಂತ ಬಂದವರಿಗೆಲ್ಲ ಹೇಳುತ್ತಾರೆ.

ನಾವು ಉಡುಪಿ ಕಡೆಯವರು, ಮನೆಯೊಳಗೆ ತುಳು. ನಿಮಗೋಸ್ಕರ ಎಲ್ಲವನ್ನೂ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಬೈಗುಳದ ರುಚಿ ಸ್ವಲ್ಪ ಕಡಿಮೆ ಅನಿಸಿದರೆ ತಪ್ಪು ನನ್ನದು, ಅಕ್ಕನದಲ್ಲ.

ಕಳೆದ ಚಳಿಗಾಲದಲ್ಲಿ ನಾನು ವಿಸಿಟ್ ವೀಸಾದಲ್ಲಿ ಅಲ್ಲಿಗೆ ಹೋದೆ. ಅದರ ಹಿಂದಿನ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಿದ್ದಳು. ಅಮ್ಮ ನಾನು ಇಬ್ಬರೇ ಇದ್ದ ಮನೆ. "ಒಬ್ಬಳೇ ಅಲ್ಲಿ ಗೋಡೆ ನೋಡ್ತಾ ಎಂತ ಮಾಡ್ತಿ? ಬಾ" ಅಂತ ಅಕ್ಕ ಟಿಕೆಟ್ ಕಳಿಸಿದಳು. ಆಮೇಲೆ ಸಂಕೋಚದಿಂದ ಸೇರಿಸಿದಳು: "ಹಾಲ್‌ನಲ್ಲಿ ಮಲಗಬೇಕಾಗ್ತದೆ. ಜತೆಗೆ ಇನ್ನೊಬ್ಬರಿದ್ದಾರೆ. ಗೊರಕೆ ಹೊಡೆಯುವುದಿಲ್ಲ, ಅದು ನನ್ನ ಗ್ಯಾರಂಟಿ."

ಯಾರಪ್ಪಾ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋದೆ. ಹೋಗಿ ನೋಡಿದರೆ ಟಿವಿಯ ಪಕ್ಕದಲ್ಲಿ, ಮನೆಯಲ್ಲಿದ್ದ ಅತ್ಯಂತ ಒಳ್ಳೆಯ ಜಮಖಾನದ ಮೇಲೆ, ಕಡುನೀಲಿ ಬಣ್ಣದ ಒಂದು ಸೈಕಲ್ಲು! ನನಗೆ ಸೋಫಾ. ನನ್ನ ಹೊದಿಕೆ ತೆಳ್ಳಗಿತ್ತು, ಸೈಕಲ್ಲಿನದು ದಪ್ಪ.

ನಿಜ ಹೇಳಬೇಕೆಂದರೆ ನನಗೆ ಅದರ ಸಹವಾಸ ಕ್ರಮೇಣ ಹಿಡಿಸಿತು. ಸಂಜೆ ದೀಪ ಹಾಕುವ ಮೊದಲು ಮೆಟ್ರೋ ರೈಲು ದೂರದಲ್ಲಿ ತೇಲುವ ಹಾಗೆ ಹಾದುಹೋಗುತ್ತಿತ್ತು. ಅದರ ಕಿಟಕಿಗಳ ಬೆಳಕು ಹೇಗೋ ಗಾಜಿನಿಂದ ಗಾಜಿಗೆ ಹಾರಿ ನಮ್ಮ ಹಾಲ್‌ನೊಳಗೆ ಬಂದು ಚಕ್ರದ ಕಡ್ಡಿಗಳ ಮೇಲೆ ಓಡುತ್ತಿತ್ತು. ನಿಂತಲ್ಲೇ ನಿಂತ ಸೈಕಲ್ಲು ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತು, ಅದು ಎಲ್ಲಿಗೆ ಹೋಗುತ್ತಿರಬಹುದು ಅಂತ ನೋಡುತ್ತಿದ್ದೆ. ಆಗ ಅಕ್ಕ ಬಂದು ಪಟ್ ಅಂತ ಲೈಟ್ ಹಾಕಿ "ಅದನ್ನು ಮುಟ್ಟಿದೆಯಾ?" ಅಂತ ಕೇಳುತ್ತಿದ್ದಳು!

ಅಲ್ಲಿನ ಚಳಿಗಾಲವನ್ನು ನೀವು ಹಗುರವಾಗಿ ತಿಳಿಯಬೇಡಿ. ಚಳಿ ಅಂಥಾದ್ದೇನಿಲ್ಲ, ನಮ್ಮ ಭಾವ ಮಂಕಿ ಕ್ಯಾಪು ಹಾಕಿಕೊಂಡು ಹಾಲು ತರಲು ಹೋಗುತ್ತಾರೆ ಅನ್ನುವುದು ಬೇರೆ ಮಾತು. ತೊಂದರೆ ಇರುವುದು ಮಂಜಿನಲ್ಲಿ. ಸಮುದ್ರದಿಂದ ಎದ್ದು ಬರುವ ಮಂಜು ಬೆಳಗಿನ ಜಾವ ಇಡೀ ಊರನ್ನು ನುಂಗಿಬಿಡುತ್ತದೆ. ಬಾಲ್ಕನಿಯಿಂದ ನೋಡಿದರೆ ಕೆಳಗೆ ರಸ್ತೆ ಇಲ್ಲ, ಕಾರಿಲ್ಲ, ಅಂಗಡಿಯಿಲ್ಲ. ಬೆಳ್ಳಗಿನ ಹತ್ತಿಯ ಮೇಲೆ ದೊಡ್ಡ ಕಟ್ಟಡಗಳ ತುದಿಗಳು ಮಾತ್ರ, ಯಾರೋ ಇಟ್ಟು ಮರೆತುಹೋದ ಹಾಗೆ. ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದರೆ ಅಕ್ಕ ಹಿಂದಿನಿಂದ ನಿಟ್ಟುಸಿರು ಬಿಡುತ್ತಿದ್ದಳು. "ಚಂದ ಉಂಟು ಅಂತ ನೋಡ್ಬೇಡ. ಪೂರಾ ಉಪ್ಪು ಅದು. ಸೈಕಲ್ಲಿಗೆ ಆಗುವುದಿಲ್ಲ."

ಕೆಲವರಿಗೆ ಬದನೆಕಾಯಿ ಆಗುವುದಿಲ್ಲವಲ್ಲ, ಹಾಗೆ!

ಒಂದು ದಿನ ಬೆಳಗ್ಗೆ ಸವಾರಿ ಹೋದವಳು ಅರ್ಧದಲ್ಲಿ ಮಂಜಿಗೆ ಸಿಕ್ಕಿ, ಹುಬ್ಬಿನಿಂದ ಹಿಡಿದು ಬೂಟಿನವರೆಗೆ ಒದ್ದೆಯಾಗಿ ಬಂದಳು. ಬಂದವಳು ಬಟ್ಟೆ ಬದಲಿಸಿದಳೆಂದುಕೊಂಡಿರಾ? ಸೈಕಲ್ಲನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಉಗುರುಬೆಚ್ಚಗಿನ ನೀರಲ್ಲಿ ಮೀಯಿಸಿ, ಮೆತ್ತನೆ ಟವೆಲಿನಲ್ಲಿ ಒರೆಸಿ, ಸಂದುಸಂದಿಗೆ ಹೇರ್ ಡ್ರೈಯರ್ ಹಿಡಿದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಅಕ್ಕ, ನಿನಗೆ ಶೀತ ಆಗ್ತದೆ, ಮೊದಲು ನೀನು ಒರೆಸಿಕೊ" ಅಂದೆ.

"ನನಗೆ ಶೀತ ಆದರೆ ಎರಡು ದಿನದಲ್ಲಿ ಹೋಗ್ತದೆ. ಇದಕ್ಕೆ ತುಕ್ಕು ಹಿಡಿದರೆ ಹೋಗ್ತದಾ?"

ಇದಕ್ಕೆ ಉತ್ತರ ಇದ್ದರೆ ನೀವು ಹೇಳಿ!

ಇನ್ನು ಮರಳಿನ ಕತೆ. ಚಳಿಗಾಲದಲ್ಲೂ ಒಮ್ಮೊಮ್ಮೆ ಗಾಳಿ ಎದ್ದು ಮರುಭೂಮಿಯನ್ನೇ ಹೊತ್ತು ತಂದು ಬಾಗಿಲಿನ ಸಂದಿಯಲ್ಲಿ ಸುರಿಯುತ್ತದೆ. ಅಂಥ ದಿನ ಅಕ್ಕ ಹಳೆಯ ಕಾಟನ್ ಸೀರೆ ತೆಗೆದು ಸೈಕಲ್ಲನ್ನು ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಸುತ್ತಿ ಸೆರಗು ಸಿಕ್ಕಿಸುತ್ತಿದ್ದಳು. "ಬಾಣಂತಿಗೂ ಇಷ್ಟು ಸುತ್ತುವುದಿಲ್ಲ ಮಾರಾಯ್ತಿ" ಅನ್ನುತ್ತಿದ್ದರು ಭಾವ.

ನಾನು ಹೋದ ಹೊಸತರಲ್ಲಿ ಒಂದು ಮಧ್ಯಾಹ್ನ ಹಸಿದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಭಾವನ ಪ್ರೀತಿಯ ಪಾತ್ರೆ. ಅವರು ಬಂಗುಡೆ ಸಾರು ಮಾಡುವ ಪಾತ್ರೆ ಅದು, ಬೇರೆಯವರು ಮುಟ್ಟಿದರೆ ಅವರಿಗೆ ಗೊತ್ತಾಗುತ್ತದೆ. ಸಣ್ಣ ಉರಿಯಲ್ಲಿ ಏನೋ ಕುದಿಯುವ ಸದ್ದು. ಆಸೆಯಿಂದ ಮುಚ್ಚಳ ತೆಗೆದರೆ ಬಿಸಿ ಮೇಣದೊಳಗೆ ಹಾವಿನ ಮರಿಯ ಹಾಗೆ ಸುತ್ತಿಕೊಂಡು ಮಲಗಿದೆ ಸೈಕಲ್ಲಿನ ಚೈನು!

ನನ್ನ ಕೂಗಿಗೆ ಭಾವ ಓಡಿ ಬಂದರು. ಪಾತ್ರೆ ನೋಡಿದರು.

ಅಕ್ಕ ಮಾತ್ರ ಶಾಂತವಾಗಿ ಸೌಟಿನಿಂದ ಚೈನನ್ನು ತಿರುಗಿಸಿದಳು. "ಚೈನಿಗೆ ಎಣ್ಣೆ ಹಾಕಿದರೆ ಮರಳು ನೆಂಟರ ಹಾಗೆ ಬಂದು ಕೂತುಬಿಡ್ತದೆ. ಮತ್ತೆ ಏಳುವ ಮಾತೇ ಇಲ್ಲ. ಮೇಣ ಆದರೆ ಹಾಗಲ್ಲ, ಬಂದ ಹಾಗೇ ಉದುರಿ ಹೋಗ್ತದೆ."

ನೆಂಟರು ಅನ್ನುವಾಗ ನನ್ನ ಮುಖವನ್ನೇ ಯಾಕೆ ನೋಡಿದಳೋ!

"ಮತ್ತೆ ನನ್ನ ಪಾತ್ರೆ?" ಅಂದರು ಭಾವ, ಕೊನೆಗೂ.

"ಹೊಸತು ತರುವ."

"ಖಲಾಸ್" ಅಂದರು ಭಾವ. ಆವತ್ತು ನಾವು ಊಟಕ್ಕೆ ಹೊರಗೆ ಹೋದೆವು.

ಮಳೆಯೂ ಬಂತು ಅನ್ನಿ. ಅಲ್ಲಿ ಮಳೆ ಬರುವುದು ಅಪರೂಪ, ಬಂದರೆ ಎಲ್ಲಿಗೆ ಹೋಗಬೇಕೆಂದು ಆ ನೀರಿಗೂ ಗೊತ್ತಿರುವುದಿಲ್ಲ. ಬೆಳಗ್ಗೆ ಸವಾರಿಗೆ ಹೋಗಿದ್ದ ಅಕ್ಕ, ನಮ್ಮ ಕಟ್ಟಡದ ಮುಂದಿನ ಮೊಣಕಾಲುದ್ದದ ನೀರಿನಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗಂಭೀರವಾಗಿ ನಡೆದು ಬರುವುದನ್ನು ಬಾಲ್ಕನಿಯಿಂದ ನಾನೂ ಭಾವನೂ ನೋಡಿದೆವು. ಮಲಪ್ಪುರಂ ಕಡೆಯ ವಾಚ್‌ಮನ್ ಅವಳನ್ನು ಲಿಫ್ಟಿನವರೆಗೆ ಹಿಂಬಾಲಿಸಿ ವಿನಯದಿಂದ ಕೇಳಿದನಂತೆ: "ಮೇಡಂ, ಸೈಕಲಿನ ಮೇಲೆ ನಾವು ಕೂತುಕೊಳ್ಳುವುದಲ್ಲವಾ?"

ಮನೆಗೆ ಬಂದದ್ದೇ ಸೀಟು ಕಿತ್ತು, ಸೈಕಲ್ಲನ್ನು ತಲೆಕೆಳಗು ಮಾಡಿ ಹಿಡಿದುಕೊಂಡಳು. ಒಳಗಿಂದ ಗುಳುಗುಳು ನೀರು ಇಳಿಯಿತು. "ಪಾಪ, ನೀರು ಕುಡಿದಿದೆ" ಅಂದಳು. ಭಾವ ಸುಮ್ಮನೆ ಒಳಗೆ ಹೋಗಿ ಒಂದು ಲೋಟ ಶುಂಠಿ ಕಷಾಯ ತಂದು ಸೈಕಲ್ಲಿನ ಮುಂದೆ ಇಟ್ಟರು. ಅಕ್ಕ ನಗಲಿಲ್ಲ. ಲೋಟ ಎತ್ತಿ ತಾನೇ ಕುಡಿದಳು.

ಹೀಗೆ ದಿನಗಳು ಹೋಗುತ್ತಿದ್ದವು. ಅಕ್ಕ ನಾನು ಇಬ್ಬರೂ ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಬ್ರೇಕ್ ಪ್ಯಾಡು, ಟ್ಯೂಬು, ಊರಿನ ಮೀನಿನ ರೇಟು, ಭಾವನ ಬಿಪಿ, ಯಾರ ಮಗಳಿಗೆ ಯಾವ ಗಂಡು. ಅಮ್ಮನ ಸುದ್ದಿ ಮಾತ್ರ ಬರುತ್ತಿರಲಿಲ್ಲ. ನಾನು ಒಂದೆರಡು ಸಲ "ಅಮ್ಮ ಇದ್ದಿದ್ದರೆ" ಅಂತ ಶುರು ಮಾಡಿದ್ದೆ. ತಕ್ಷಣ ಅಕ್ಕ ಎದ್ದು ಸ್ಪಾನರ್ ಹುಡುಕಲು ಹೋಗುತ್ತಿದ್ದಳು. ಸ್ಪಾನರ್ ಅವಳ ಕೈಯಲ್ಲೇ ಇರುತ್ತಿತ್ತು. ಇಷ್ಟು ವರ್ಷ ದೂರ ಇದ್ದವಳಿಗೆ ಅಮ್ಮ ಅಷ್ಟೇನೂ ಬೇಕಾಗಿಲ್ಲವೇನೋ ಅಂತ ನನಗೆ ಒಳಗೊಳಗೇ ಅನಿಸುತ್ತಿತ್ತು. ಅನಿಸಿದ್ದಕ್ಕೆ ಬೇಜಾರೂ ಆಗುತ್ತಿತ್ತು.

ನಾನು ಹೊರಡುವ ದಿನ ಹತ್ತಿರ ಬಂತು. "ಒಂದು ಸಲ ಮರುಭೂಮಿಯ ಸೈಕಲ್ ದಾರಿ ನೋಡದೆ ಹೋಗ್ತೀಯಾ?" ಅಂತ ಅಕ್ಕ ರಜೆಯ ದಿನ ಬೆಳಗ್ಗೆ ಎಬ್ಬಿಸಿದಳು. ಭಾವ ನಮ್ಮನ್ನು ಕಾರಿನಲ್ಲಿ ಅಲ್ಲಿಗೆ ತಂದು ಬಿಟ್ಟು, ಕಾರಿನಲ್ಲೇ ಸೀಟು ಹಿಂದಕ್ಕೆ ಮಾಡಿ, ಮಂಕಿ ಕ್ಯಾಪು ಕಣ್ಣಿಗೆ ಎಳೆದುಕೊಂಡು ಮಲಗಿದರು. ನನಗೆ ಅಲ್ಲಿಯ ಅಂಗಡಿಯಿಂದ ಒಂದು ಬಾಡಿಗೆ ಸೈಕಲ್ಲು. ಅಕ್ಕ ಅದರ ಚೈನನ್ನು ಬೆರಳಿನಿಂದ ಮುಟ್ಟಿ, ಅನಾಥ ಮಗುವನ್ನು ಕಂಡವಳ ಹಾಗೆ ಲೊಚಗುಟ್ಟಿದಳು.

ಸ್ವಲ್ಪ ದೂರ ಹೋದೆವೋ ಇಲ್ಲವೋ, ಮಂಜು ಬಂತು. ಎಲ್ಲಿಂದ ಬಂತು ಅಂತ ಹೇಳಲಾರೆ. ಇರಲಿಲ್ಲ, ಆಮೇಲೆ ಇತ್ತು. ಮುಂದಿನ ದಾರಿ ಕರಗಿತು, ಹಿಂದಿನ ದಾರಿಯೂ ಕರಗಿತು. ಮರಳ ದಿಬ್ಬಗಳು ಹಾಲಿನಲ್ಲಿ ಅದ್ದಿದ ಹಾಗೆ ಒಂದೊಂದೇ ಮಾಯವಾದವು. ಚಕ್ರಗಳ ಸರಸರ ಸದ್ದು ಮಾತ್ರ. ಅಕ್ಕನ ಹಿಂದಿನ ಕೆಂಪು ದೀಪ ನನ್ನ ಮುಂದೆ ಒಂದು ಚುಕ್ಕೆಯ ಹಾಗೆ ತೇಲುತ್ತಿತ್ತು. ನಾನು ಪೆಡಲ್ ತುಳಿಯುತ್ತಿದ್ದೇನೆಯೋ, ನಾನು ನಿಂತಲ್ಲೇ ಇದ್ದು ಭೂಮಿಯೇ ಹಿಂದಕ್ಕೆ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ.

"ಅಕ್ಕ, ವಾಪಸ್ ಹೋಗುವ. ಸೈಕಲ್ಲಿಗೆ ಆಗುವುದಿಲ್ಲ ಅಲ್ವಾ?"

"ಇರಲಿ. ಇವತ್ತೊಂದು ದಿನ."

ನನಗೆ ಆಶ್ಚರ್ಯ! ಅಷ್ಟರಲ್ಲಿ ಅವಳು ಗಕ್ಕನೆ ಬ್ರೇಕ್ ಹಾಕಿದಳು. ದಾರಿಯ ನಡುವೆ ಒಂದು ಓರಿಕ್ಸ್, ಅಂದರೆ ಆ ಮರುಭೂಮಿಯ ಬಿಳಿ ಜಿಂಕೆ, ಉದ್ದ ಕೊಂಬು ಹೊತ್ತು ನಿಂತಿತ್ತು. ಮೈ ಮಂಜಿನ ಬಣ್ಣವೇ. ಕಣ್ಣು, ಕೊಂಬು, ಕಾಲಿನ ಕಪ್ಪು ಮಾತ್ರ ಗಾಳಿಯಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ಅಕ್ಕ ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆದು "ಸೈಡ್ ಬಿಡು ಮಾರಾಯ" ಅಂದಳು. ಅದು ಸ್ವಲ್ಪ ಯೋಚಿಸಿ, ಸೈಡ್ ಬಿಟ್ಟಿತು!

ನಾನು ನಕ್ಕು ನಕ್ಕು ಹ್ಯಾಂಡಲ್ ತಪ್ಪಿ ದಾರಿಯ ಅಂಚಿನ ಕಲ್ಲಿಗೆ ಚಕ್ರ ಹೊಡೆಸಿದೆ. ಟಯರು ಠುಸ್ ಅಂತು.

ಅಕ್ಕ ಬೈಯಲಿಲ್ಲ. ಸೈಕಲ್ಲನ್ನು ಮಗುಚಿ ಹಾಕಿ, ಹಿಂದಿನ ಚಕ್ರ ಬಿಚ್ಚಿ, ಮರಳಿನ ಮೇಲೆ ಮಂಡಿಯೂರಿ ಕೂತಳು. ನಾನು ಪಕ್ಕದಲ್ಲಿ ಕೂತು ಹೆಲ್ಮೆಟ್ ತೆಗೆದೆ. ಒಂದು ಮಾರು ದೂರದಲ್ಲಿದ್ದರೂ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಟಯರಿನೊಳಗೆ ಕೈ ಹಾಕಿ ತಡಕುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಅಮ್ಮ ಆ ದಿನ ಬೆಳಗ್ಗೆ ಎಂತ ತಿಂದದ್ದು?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ನನ್ನ ಪಾಸ್‌ಪೋರ್ಟ್ ವೀಸಾ ರಿನ್ಯೂವಲ್ಲಿಗೆ ಹೋಗಿತ್ತಲ್ಲ. ಬರ್ಲಿಕ್ಕೆ ಆಗಲಿಲ್ಲ. ಯಾರೋ ಅಮ್ಮನನ್ನು ವಿಡಿಯೋ ಕಾಲಿನಲ್ಲಿ ತೋರಿಸ್ತಾ ಇದ್ರು. ನನಗೆ ಕಂಡದ್ದು ಬರೀ ಜನರ ಬೆನ್ನು. ಆಮೇಲೆ ನೆಟ್‌ವರ್ಕೂ ಹೋಯ್ತು." ಅವಳ ಕೈ ಟಯರಿನೊಳಗೇ ಇತ್ತು. "ನೀನು ಹೇಳು. ಮೊದಲಿಂದ ಹೇಳು. ಕೇಳ್ಬೇಕು ಕೇಳ್ಬೇಕು ಅಂತ ನಿನ್ನನ್ನು ಕರೆಸಿದ್ದು. ಮನೆಯಲ್ಲಿ ನಿನ್ನ ಮುಖ ನೋಡಿದರೆ ಬಾಯಿ ಬರುವುದಿಲ್ಲ."

ಹೇಳಿದೆ. ಮೊದಲಿಂದ. ಎರಡು ದೋಸೆ ತಿಂದದ್ದು, ಚಾಕ್ಕೆ ಸಕ್ಕರೆ ಕಡಿಮೆ ಅಂತ ನನ್ನನ್ನು ಬೈದದ್ದು. ಮೀನಿನವಳ ಹತ್ತಿರ ಜಗಳ ಮಾಡಿ ಗೆದ್ದದ್ದು. ಬಿಸಿನೀರಲ್ಲಿ ಮಿಂದು ಜಗುಲಿಯಲ್ಲಿ ಕೂತು, ಬಾಚಣಿಗೆ ತಾ ಅಂದದ್ದು. ಆಮೇಲೆ ಎದೆ ಹಿಡಿದುಕೊಂಡದ್ದು.

"ಜಡೆ ಹಾಕಿ ಆಗಿತ್ತಾ?"

"ಆಗಿತ್ತು. ನಾನೇ ಹಾಕಿದ್ದು."

"ಬಿಗಿಯಾಗಿ ಹಾಕಿದ್ಯಾ? ಅವಳಿಗೆ ಸಡಿಲ ಆದರೆ ಆಗ್ತಿರಲಿಲ್ಲ."

"ಬಿಗಿಯಾಗಿಯೇ ಹಾಕಿದೆ. ಎಳೀಬೇಡ ಅಂತ ಬೈದಳು."

ಅಕ್ಕ ನಕ್ಕಳು. ಆ ನಗು ಹೋಗ್ತಾ ಹೋಗ್ತಾ ಬೇರೆ ಏನೋ ಆಯಿತು. ನಾನು ಅವಳ ಭುಜ ಮುಟ್ಟಲು ಹೋದರೆ ಕೈ ಸರಿಸಿದಳು. ಮೂಗನ್ನು ತೋಳಿಗೆ ಒರೆಸಿಕೊಂಡು, ಬಿಚ್ಚಿದ ಚಕ್ರವನ್ನು ಮರಳ ಮೇಲೆ ಮಲಗಿಸಿ, ನನ್ನ ಬೆನ್ನ ಹಿಂದೆ ಬಂದು ಕೂತಳು.

"ಆ ಕಡೆ ತಿರುಗಿ ಕೂತುಕೊ. ಎಂತ ಅವಸ್ಥೆ ಇದು ತಲೆಯದ್ದು!"

ಕೂದಲನ್ನು ಬೆರಳಿನಲ್ಲೇ ಬಿಡಿಸಿ, ಮೂರು ಎಳೆ ಮಾಡಿ ಹೆಣೆಯತೊಡಗಿದಳು. ಕೈ ತುಂಬ ಬಾಡಿಗೆ ಸೈಕಲ್ಲಿನ ಕರಿ ಎಣ್ಣೆ.

"ಎಳೀಬೇಡ" ಅಂದೆ.

ಅವಳು ಇನ್ನೂ ಬಿಗಿಯಾಗಿ ಎಳೆದಳು.